ಸಂಜೆ ಆರರ ನಂತರ ಹೋಗಿ ನೋಡಿ

ಡಿಮೆನ್ಷಿಯಾ ಇರುವ ಅಪ್ಪನನ್ನೋ ಅಮ್ಮನನ್ನೋ ಆರೈಕೆ ಕೇಂದ್ರಕ್ಕೆ ಸೇರಿಸುವ ಯೋಚನೆಯಲ್ಲಿ ಫೋನ್ ಮಾಡಿದರೆ, 'ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂದು ನೋಡಿ ಸರ್' ಎಂಬ ಉತ್ತರ ಬರುವುದೇ ಹೆಚ್ಚು. ಅದು ಆ ಜಾಗದ ಅತ್ಯಂತ ಚಂದದ ಹೊತ್ತು. ಸ್ನಾನ, ತಿಂಡಿ ಮುಗಿದಿರುತ್ತದೆ. ತಲೆ ಬಾಚಿ, ಹಣೆಗಿಟ್ಟು ಕೂರಿಸಿರುತ್ತಾರೆ. ಫಿಸಿಯೋಥೆರಪಿಯವರು ಬಂದಿರುತ್ತಾರೆ, ಹಾಲ್‌ನಲ್ಲಿ ಹಳೆಯ ಚಿತ್ರಗೀತೆ ಹಾಡಿಸುತ್ತಿರುತ್ತಾರೆ. ಮ್ಯಾನೇಜರ್ ಕೈತೋಟ ತೋರಿಸುತ್ತಾರೆ, ಸಿಸಿಟಿವಿ ತೋರಿಸುತ್ತಾರೆ, ಜಾರದ ಟೈಲ್ಸ್ ಹಾಕಿದ ಬಚ್ಚಲು ತೋರಿಸುತ್ತಾರೆ. ಕಾಫಿ ಕುಡಿದು ಹೊರಬರುವಷ್ಟರಲ್ಲಿ ಮನಸ್ಸು ಅರ್ಧ ಒಪ್ಪಿರುತ್ತದೆ.

ಆದರೆ ಮರೆವಿನ ಕಾಯಿಲೆ ಇರುವವರ ದಿನ ಕೆಡುವುದು ಇಳಿಹೊತ್ತಿನಲ್ಲಿ. ಬೆಳಕು ಕುಗ್ಗಿದಂತೆ ಗಲಿಬಿಲಿ ಏರುತ್ತದೆ. 'ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತು, ನಾನು ಮನೆಗೆ ಹೋಗಬೇಕು' ಎಂದು ಎಂಬತ್ತು ದಾಟಿದ ಅಜ್ಜಿ ಬಾಗಿಲು ಬಡಿಯತೊಡಗುತ್ತಾರೆ. ವೈದ್ಯರು ಇದನ್ನು ಸನ್‌ಡೌನಿಂಗ್ ಎನ್ನುತ್ತಾರೆ. ಸಿಬ್ಬಂದಿಯ ಪಾಳಿ ಬದಲಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹಗಲಿನವರು ಚೀಲ ಹೆಗಲಿಗೇರಿಸಿ ಹೊರಟಿರುತ್ತಾರೆ, ರಾತ್ರಿಯವರು ಇನ್ನೂ ಬರುತ್ತಿರುತ್ತಾರೆ. ಬಾಗಿಲು ಬಡಿಯುವ ಅಜ್ಜಿಯ ಬಳಿ ಆ ಗಳಿಗೆಯಲ್ಲಿ ಯಾರು ಹೋಗುತ್ತಾರೆ, ಹೋದವರು ಏನು ಹೇಳುತ್ತಾರೆ? 'ಬನ್ನಿ ಅಜ್ಜಿ, ಮಕ್ಕಳಿಗೆ ತಿಂಡಿ ಏನು ಮಾಡೋಣ' ಎಂದು ಕೈ ಹಿಡಿದು ಕರೆದೊಯ್ಯುತ್ತಾರೋ, 'ಸುಮ್ನೆ ಕೂತ್ಕೋ' ಎಂದು ಗದರುತ್ತಾರೋ? ಕೇಂದ್ರದ ಗುಣಮಟ್ಟ ತಿಳಿಯಲು ಇದಕ್ಕಿಂತ ನೆಚ್ಚಿಕೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಸಂಜೆ ಬರುತ್ತೇವೆಂದರೆ ಬೇಡವೆನ್ನುವ ಕೇಂದ್ರವನ್ನು ಪಟ್ಟಿಯಿಂದ ತೆಗೆದುಹಾಕಬಹುದು.

ಸಿಬ್ಬಂದಿಯ ಲೆಕ್ಕವನ್ನೂ ರಾತ್ರಿಯಿಂದಲೇ ಶುರುಮಾಡಬೇಕು. 'ಐವರಿಗೆ ಒಬ್ಬ ಸಹಾಯಕಿ' ಎಂಬುದು ಕೇಳಲು ಚೆನ್ನಾಗಿರುತ್ತದೆ. ಮೂವತ್ತು ಮಂದಿ ಇರುವ ಕಡೆ ಇದರರ್ಥ ಹಾಜರಿ ಪುಸ್ತಕದಲ್ಲಿ ಆರು ಹೆಸರು ಎಂದಷ್ಟೇ ಆಗಿದ್ದರೆ, ಹನ್ನೆರಡು ಗಂಟೆಯ ಎರಡು ಪಾಳಿಗೆ ಹಂಚಿ, ವಾರದ ರಜೆ, ಊರಿಗೆ ಹೋದವರನ್ನು ಕಳೆದರೆ ರಾತ್ರಿಗೆ ಉಳಿಯುವುದು ಇಬ್ಬರು. ಆ ಇಬ್ಬರು ಮೂವತ್ತು ಮಂದಿಯ ಡೈಪರ್ ಬದಲಿಸಬೇಕು, ಹಾಸಿಗೆ ಹಿಡಿದವರ ಮಗ್ಗುಲು ಎರಡು ಗಂಟೆಗೊಮ್ಮೆ ಬದಲಿಸಬೇಕು, ಎದ್ದು ಓಡಾಡುವವರನ್ನು ಕಾಯಬೇಕು. ಆಗುವ ಮಾತಲ್ಲ. ಆಗದಿದ್ದಾಗ ನಡೆಯುವುದು ಎರಡೇ: ಕಟ್ಟುವುದು ಅಥವಾ ಮಲಗಿಸುವುದು.

ಕಟ್ಟುವುದು ಎಂದರೆ ಸರಪಳಿಯೇ ಆಗಬೇಕಿಲ್ಲ. ಮಣಿಕಟ್ಟಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಮಂಚಕ್ಕೆ ಬಿಗಿಯುವುದು, ಎದುರಿಗೆ ಹಲಗೆ ಸಿಕ್ಕಿಸಿ ಏಳಲಾಗದಂತೆ ಕುರ್ಚಿಯಲ್ಲಿ ಕೂರಿಸುವುದು, ಹೊರಗಿನಿಂದ ಚಿಲಕ ಹಾಕುವುದು, ಇವೂ ಅದೇ. ಕೇಳಿದರೆ ಸಿದ್ಧ ಉತ್ತರ: 'ಬಿದ್ದುಬಿಡ್ತಾರೆ ಮೇಡಂ, ನಿಮ್ಮ ಒಳ್ಳೆಯದಕ್ಕೇ'. ಇಲ್ಲಿ ಕುಟುಂಬಗಳಿಗೆ ಗೊತ್ತಿಲ್ಲದ ಒಂದು ಕಾನೂನಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯಾನದಲ್ಲೇ ನೆನಪು ಮತ್ತು ದಿಕ್ಕು-ಕಾಲದ ಅರಿವು ತೀವ್ರವಾಗಿ ಕೆಡುವುದನ್ನು ಸೇರಿಸಿದೆ. ಅದರ 97ನೇ ಸೆಕ್ಷನ್ ಪ್ರಕಾರ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ, ಮನೋವೈದ್ಯರ ಅನುಮತಿಯಿಂದ ಮಾತ್ರ ಕಟ್ಟಬಹುದು. ಸಿಬ್ಬಂದಿ ಕೊರತೆ ಎಂಬುದು ಕಾರಣವಾಗಕೂಡದು ಎಂದು ಕಾಯ್ದೆ ಬಿಡಿಸಿ ಹೇಳಿದೆ. ಪ್ರತಿ ಸಲವೂ ದಾಖಲಿಸಬೇಕು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು, ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ತಿಂಗಳ ವರದಿ ಹೋಗಬೇಕು. 'ಆ ದಾಖಲೆ ಪುಸ್ತಕ ತೋರಿಸಿ' ಎಂದು ಕೇಳಿ ನೋಡಿ. 'ನಮ್ಮಲ್ಲಿ ಯಾರನ್ನೂ ಕಟ್ಟುವುದೇ ಇಲ್ಲ' ಎಂಬ ಉತ್ತರಕ್ಕಿಂತ, 'ಹೋದ ತಿಂಗಳು ಎರಡು ಸಲ ಆಯಿತು, ಇಂಥ ಕಾರಣಕ್ಕೆ' ಎನ್ನುವ ನರ್ಸ್ ಹೆಚ್ಚು ನಂಬಿಕೆಗೆ ಅರ್ಹ.

ಮಲಗಿಸುವುದು ಕಣ್ಣಿಗೆ ಬೀಳದ ವಿದ್ಯೆ. ಹಾಲೊಪೆರಿಡಾಲ್, ರಿಸ್ಪೆರಿಡೋನ್, ಕ್ವೆಟಿಯಾಪಿನ್ ಮುಂತಾದ ಗುಳಿಗೆಗಳು ಮೂಲತಃ ಬೇರೆ ಮನೋರೋಗಗಳಿಗೆ ಬಂದವು. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇಂಥ ಹೊಸ ತಲೆಮಾರಿನ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಹಳೆಯವುಗಳಿಗೂ 2008ರಲ್ಲಿ ಅದನ್ನೇ ಅನ್ವಯಿಸಿತು. ಬ್ರಿಟನ್‌ನಲ್ಲಿ ಪ್ರೊಫೆಸರ್ ಸುಬೆ ಬ್ಯಾನರ್ಜಿ 2009ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯ ಅಂದಾಜು ಇನ್ನೂ ಖಾರವಾಗಿದೆ: ಇಂಥ ಔಷಧ ಪಡೆಯುತ್ತಿದ್ದ ಸುಮಾರು 1,80,000 ಡಿಮೆನ್ಷಿಯಾ ರೋಗಿಗಳಲ್ಲಿ ಉಪಯೋಗ ಕಂಡವರು ಹೆಚ್ಚೆಂದರೆ 36,000. ಇವುಗಳಿಂದಾದ ಹೆಚ್ಚುವರಿ ಸಾವು ವರ್ಷಕ್ಕೆ 1,800. ಈ ಗುಳಿಗೆಗಳು ಬೇಡವೇ ಬೇಡ ಎಂದಲ್ಲ. ಭ್ರಮೆಯಿಂದ ನರಳುವವರಿಗೆ, ಹೊಡೆಯಲು ಬರುವವರಿಗೆ ಸಣ್ಣ ಪ್ರಮಾಣದಲ್ಲಿ, ಕೆಲವು ವಾರಗಳ ಮಟ್ಟಿಗೆ ಬೇಕಾಗುತ್ತದೆ. ಪ್ರಶ್ನೆ ಇರುವುದು ಯಾರು ಬರೆದರು, ಏಕೆ ಬರೆದರು, ಯಾವಾಗ ನಿಲ್ಲಿಸುತ್ತಾರೆ ಎಂಬುದರಲ್ಲಿ. ಇದ್ದಕ್ಕಿದ್ದಂತೆ ರಂಪ ಹೆಚ್ಚಾದರೆ ಅನುಭವಸ್ಥ ನರ್ಸ್ ಮೊದಲು ನೋಡುವುದು ಮೂತ್ರದ ಸೋಂಕು ಇದೆಯೇ, ಮಲಬದ್ಧತೆಯೇ, ಹಲ್ಲುನೋವೇ, ನೀರು ಕುಡಿದಿಲ್ಲವೇ ಎಂದು. ಬಾಯಿಬಿಟ್ಟು ಹೇಳಲಾಗದವರ ನೋವು ಸಿಟ್ಟಾಗಿ ಹೊರಬರುತ್ತದೆ. 'ರಾತ್ರಿ ಗಲಾಟೆ ಮಾಡಿದರೆ ಮೊದಲು ಏನು ಮಾಡುತ್ತೀರಿ' ಎಂದು ಕೇಳಿದಾಗ 'ಡಾಕ್ಟರಿಗೆ ಹೇಳಿ ಗುಳಿಗೆ ಕೊಡಿಸ್ತೀವಿ' ಎಂಬುದೇ ಮೊದಲ ವಾಕ್ಯವಾದರೆ ಅಲ್ಲಿಂದ ಎದ್ದು ಬರುವುದು ಲೇಸು.

ಇಷ್ಟೆಲ್ಲ ಕೇಳಲು ನಮಗೇಕೆ ಬಾಯಿ ಬರುವುದಿಲ್ಲ? ಫ್ಲ್ಯಾಟ್ ಕೊಳ್ಳುವಾಗ ಖಾತಾ, ಇಸಿ, ತಾಯಿಪತ್ರವೆಂದು ಮೂವತ್ತು ವರ್ಷದ ಕಾಗದ ಜಾಲಾಡುವವರು ಇಲ್ಲಿ ಮಾತ್ರ ತಲೆ ತಗ್ಗಿಸಿ ಕೂರುತ್ತಾರೆ. ನನ್ನ ಪ್ರಕಾರ ಕಾರಣ ಲಜ್ಜೆ. ಹೆತ್ತವರನ್ನು 'ಆಶ್ರಮಕ್ಕೆ ಹಾಕಿದರು' ಎಂಬ ಮಾತಿನ ಭಯ. ನೆಂಟರಿಗೆ ತಿಳಿಯದಂತೆ ಸೇರಿಸುವವರಿದ್ದಾರೆ, 'ಅಕ್ಕನ ಮನೆಯಲ್ಲಿದ್ದಾರೆ' ಎನ್ನುವವರಿದ್ದಾರೆ. ಹೀಗೆ ಕದ್ದು ಸೇರಿಸಿದವನು ದೂರು ಕೊಡುವುದು ಎಲ್ಲಿಂದ? ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು. ಕುಟುಂಬ ಅಲ್ಲಿಗೆ ಬರುವುದು ವರ್ಷಗಟ್ಟಲೆ ಮನೆಯಲ್ಲೇ ನೋಡಿಕೊಂಡು, ಸೊಸೆಯೋ ಮಗಳೋ ಕೆಲಸ ಬಿಟ್ಟು, ನಿದ್ದೆಗೆಟ್ಟು ಸೋತ ಮೇಲೆ. ಆಗ ಪರೀಕ್ಷಿಸುವ ತಾಳ್ಮೆ ಉಳಿದಿರುವುದಿಲ್ಲ. ಒಪ್ಪಿಕೊಂಡವರೇ ದೇವರು ಎಂಬಂತಾಗುತ್ತದೆ. ಹಾಗಾಗಿ ಕೇಂದ್ರ ನೋಡುವ ಕೆಲಸ ಕಾಯಿಲೆ ಗೊತ್ತಾದ ವರ್ಷವೇ ಶುರುವಾಗಬೇಕು, ಸೇರಿಸುವ ಇರಾದೆ ಇರಲಿ, ಇಲ್ಲದಿರಲಿ. ಆಗ ರೋಗಿಯ ಮಾತನ್ನೂ ಕೇಳಬಹುದು. ಯಾವುದು ಇಷ್ಟ, ಯಾವುದು ಬೇಡ ಎನ್ನುವಷ್ಟು ಅರಿವು ಅವರಲ್ಲಿ ಇನ್ನೂ ಇರುತ್ತದೆ.

ನಮ್ಮ ಸರ್ಕಾರಗಳೂ ಇದೇ ಲಜ್ಜೆಯ ನೆರಳಲ್ಲಿ ನಿಂತಿವೆ. ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯ್ದೆ ಮಕ್ಕಳ ಕರ್ತವ್ಯವನ್ನು ಅಚ್ಚುಕಟ್ಟಾಗಿ ಬರೆದಿದೆ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ, ತೊರೆದು ಹೋದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸರ್ಕಾರದ ಸರದಿ ಬಂದಾಗ ಮಾತ್ರ ಧ್ವನಿ ಇಳಿಯುತ್ತದೆ: ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗಾಗಿ ವೃದ್ಧಾಶ್ರಮ 'ಸ್ಥಾಪಿಸಬಹುದು'. ಖಾಸಗಿ ಆರೈಕೆ ಕೇಂದ್ರಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟದ ಪ್ರಸ್ತಾವವಿದ್ದ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು, ಕಾನೂನಾಗಲೇ ಇಲ್ಲ. ವೃದ್ಧಾಶ್ರಮ, ಟ್ರಸ್ಟ್, ಅಸಿಸ್ಟೆಡ್ ಲಿವಿಂಗ್, ನರ್ಸಿಂಗ್ ಹೋಮ್ ಎಂದು ಬೋರ್ಡು ಬದಲಾದಂತೆ ಕೇಳುವ ಇಲಾಖೆ ಬದಲಾಗುತ್ತದೆ, ಕೆಲವೊಮ್ಮೆ ಕೇಳುವವರೇ ಇರುವುದಿಲ್ಲ. ನೀವು ನೋಡಿದ ಕೇಂದ್ರ ಯಾವ ಕಾಯ್ದೆಯಡಿ ನೋಂದಾಯಿಸಿದೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೋ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರವೋ, ಬರೀ ಟ್ರಸ್ಟ್ ಡೀಡೋ, ಎಂದು ಕೇಳಿ ಪ್ರಮಾಣಪತ್ರದ ಫೋಟೊ ತೆಗೆದುಕೊಳ್ಳಿ.

ಕಾಯಿಲೆ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಆರೈಕೆ ಕೇಂದ್ರಗಳು ಇರುವುದು ಮಾತ್ರ ಹೆಚ್ಚಾಗಿ ನಗರಗಳಲ್ಲಿ.

ಭಾಷೆಯ ಸಂಗತಿಯನ್ನು ಕೇಂದ್ರ ನೋಡಲು ಹೋದವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆಗಳು ಕಳಚಿ, ಬಾಲ್ಯದ್ದು ಉಳಿಯುವುದು ಸಾಮಾನ್ಯ. ಇಡೀ ಜೀವನ ಇಂಗ್ಲಿಷಿನಲ್ಲಿ ಕಡತ ಬರೆದ ಅಧಿಕಾರಿ ಕೊನೆಗೆ ತುಳುವಿನಲ್ಲೋ ಹವ್ಯಕದಲ್ಲೋ ಧಾರವಾಡದ ಕನ್ನಡದಲ್ಲೋ ನೀರು ಕೇಳುತ್ತಾರೆ. ಬೆಂಗಳೂರಿನ ಕೇಂದ್ರಗಳಲ್ಲಿ ಎತ್ತಿ ಇಳಿಸುವ, ಉಣಿಸುವ, ತೊಳೆಯುವ ಕೈಗಳು ಎಷ್ಟೋ ಕಡೆ ಒಡಿಶಾದಿಂದ, ಜಾರ್ಖಂಡ್‌ನಿಂದ, ಈಶಾನ್ಯದಿಂದ ಬಂದ ಹುಡುಗಿಯರವು. ಅವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ. ಎಷ್ಟೋ ಮನೆಮಕ್ಕಳಿಗಿಲ್ಲದ ಸಹನೆ ಅವರಲ್ಲಿ ಇರುತ್ತದೆ. ಆದರೆ ಪಾಳಿಗೊಬ್ಬರಾದರೂ ಅಜ್ಜಿಯ ಮಾತು ಬಲ್ಲವರು ಇರಲೇಬೇಕು. ಆ ಸಹಾಯಕಿಯರಲ್ಲಿ ಒಬ್ಬರನ್ನು ಬದಿಗೆ ಕರೆದು, ಇಲ್ಲಿ ಎಷ್ಟು ದಿನದಿಂದ ಇದ್ದೀರಿ, ತರಬೇತಿ ಯಾರು ಕೊಟ್ಟರು, ಮಲಗುವುದು ಎಲ್ಲಿ ಎಂದು ಕೇಳಿ. ಆರು ತಿಂಗಳಿಗೊಮ್ಮೆ ಇಡೀ ಸಿಬ್ಬಂದಿ ಬದಲಾಗುವ ಕಡೆ ಯಾರ ಮುಖವೂ ರೋಗಿಗೆ ಪರಿಚಯವಾಗುವುದಿಲ್ಲ, ಹಳಬರನ್ನು ಉಳಿಸಿಕೊಂಡ ಮಾಲೀಕ ಸಂಬಳವನ್ನೂ ಸರಿಯಾಗಿ ಕೊಡುತ್ತಿರುವ ಸಂಭವ ಹೆಚ್ಚು.

ಊಟದ ಮೆನು ಕಾರ್ಡ್ ಓದುವ ಬದಲು ಊಟದ ಹೊತ್ತಿಗೆ ಹೋಗಿ ನಿಲ್ಲಬೇಕು. ನುಂಗುವ ಶಕ್ತಿ ಕುಗ್ಗಿದವರಿಗೆ ಅನ್ನ ಮೆತ್ತಗೆ ಕಲಸಿ, ನೇರ ಕೂರಿಸಿ, ತುತ್ತು ಇಳಿಯಿತೇ ಎಂದು ನೋಡಿ ಮುಂದಿನ ತುತ್ತು ಕೊಡಲು ಅರ್ಧ ಗಂಟೆ ಬೇಕು. ಇಬ್ಬರು ಸಹಾಯಕಿಯರು ಹತ್ತು ಮಂದಿಗೆ ಹದಿನೈದು ನಿಮಿಷದಲ್ಲಿ ಉಣಿಸಿ ಮುಗಿಸಿದರೆ ಒಂದೋ ತಟ್ಟೆ ಅರ್ಧ ವಾಪಸ್ಸು ಹೋಗಿದೆ, ಇಲ್ಲವೇ ಅನ್ನ ಶ್ವಾಸಕೋಶದ ದಾರಿ ಹಿಡಿದಿದೆ. ತಿಂಗಳ ತೂಕದ ಪುಸ್ತಕ ಕೇಳಿ. ಕಾಯಿಲೆಯಿಂದಲೂ ತೂಕ ಇಳಿಯುತ್ತದೆ, ನಿಜ. ಆದರೆ ತೂಕವನ್ನೇ ನೋಡದ ಕೇಂದ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದು ಹೇಗೆ?

ಕೊನೆಯ ಹಂತದಲ್ಲಿ ಊಟ ನಿಂತಾಗ ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿಸುವ ರೂಢಿಯೂ ಇಲ್ಲಿಗೆ ಸೇರಿದ್ದು. ಬಲಿತ ಡಿಮೆನ್ಷಿಯಾದಲ್ಲಿ ಆಹಾರದ ಕೊಳವೆ ಆಯಸ್ಸು ಹೆಚ್ಚಿಸುವುದಿಲ್ಲ, ನ್ಯುಮೋನಿಯಾ ತಪ್ಪಿಸುವುದೂ ಇಲ್ಲ, ಕೈಯಾರೆ ಉಣಿಸುವುದೇ ಮೇಲು ಎಂಬುದು ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿಯ ನಿಲುವು. ಟ್ಯೂಬ್ ಕಿತ್ತುಕೊಳ್ಳುತ್ತಾರೆಂದು ಕೈ ಕಟ್ಟಬೇಕಾಗುತ್ತದೆ ಬೇರೆ. ಸಿಬ್ಬಂದಿಯ ಸಮಯ ಉಳಿಸುವ ಉಪಾಯವಾಗಿ ಅದು ಬಳಕೆಯಾಗುತ್ತಿದೆಯೇ ಎಂದು ತಿಳಿಯಲು, ಟ್ಯೂಬ್ ಇರುವವರು ಎಷ್ಟು ಮಂದಿ ಎಂದು ಎಣಿಸಿದರೆ ಸಾಕು.

ಇನ್ನು ಕರಾರುಪತ್ರ. ತಿಂಗಳ ಶುಲ್ಕದಾಚೆ ಡೈಪರ್, ಫಿಸಿಯೋ, ಆಂಬುಲೆನ್ಸ್, ಆಸ್ಪತ್ರೆಯಲ್ಲಿ ಜೊತೆಗಿರುವವರ ಖರ್ಚು ಯಾರದು, 'ವರ್ತನೆ ಕೆಟ್ಟರೆ' ಎಷ್ಟು ದಿನದ ನೋಟಿಸ್ ಕೊಟ್ಟು ವಾಪಸ್ ಕಳಿಸುತ್ತಾರೆ, ಡೆಪಾಸಿಟ್ ಹಿಂದಿರುಗುವುದು ಯಾವಾಗ? ವರ್ತನೆ ಕೆಡುವುದೇ ಈ ಕಾಯಿಲೆಯಾಗಿರುವಾಗ ಆ ಷರತ್ತು ಇಟ್ಟ ಕೇಂದ್ರ ಡಿಮೆನ್ಷಿಯಾ ಕೇಂದ್ರವೇ ಅಲ್ಲ. ಎಪ್ಪತ್ತು ದಾಟಿದವರಿಗೆ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಭಾರತದ 5 ಲಕ್ಷದ ವಿಮೆ ಆಸ್ಪತ್ರೆ ವಾಸಕ್ಕಷ್ಟೇ, ದೀರ್ಘಕಾಲದ ಆರೈಕೆಗಲ್ಲ. ಅಪ್ಪನ ಪಿಂಚಣಿಯಿಂದಲೇ ಕಟ್ಟೋಣವೆಂದರೆ ಇನ್ನೊಂದು ತೊಡಕಿದೆ. ಅವರು ಬರೆದುಕೊಟ್ಟ ಸಾಮಾನ್ಯ ಮುಖ್ತ್ಯಾರುನಾಮೆ, ಅವರ ಬುದ್ಧಿ ಸ್ವಾಧೀನ ತಪ್ಪಿದ ಮೇಲೆ ಗುತ್ತಿಗೆ ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಬಿದ್ದುಹೋಗುತ್ತದೆ. ಜಂಟಿ ಖಾತೆ, ನಾಮಿನಿಗಳನ್ನೆಲ್ಲ ಮೊದಲೇ ಮಾಡಿಸಿಕೊಳ್ಳದಿದ್ದರೆ ಹೈಕೋರ್ಟಿನವರೆಗೆ ಅಲೆಯುವ ಸ್ಥಿತಿ.

'ಹೊಂದಿಕೊಳ್ಳಲಿ, ಎರಡು ವಾರ ಬರಬೇಡಿ' ಎಂಬ ಸಲಹೆಯನ್ನು ಒಪ್ಪಬೇಕಿಲ್ಲ. ಮೊದಲ ಎರಡು ವಾರವೇ ರೋಗಿ ಅತ್ಯಂತ ಕಂಗಾಲಾಗಿರುವ, ಗುಳಿಗೆ ಹೆಚ್ಚುವ, ಬೀಳುವ ಕಾಲ. ಹೇಳದೆ ಕೇಳದೆ ಹೋಗಿ ಬರುವ ಮಗಳಿದ್ದಾಳೆ ಎಂಬುದು ಗೊತ್ತಾದರೆ ಆ ಹಾಸಿಗೆಯ ಬಳಿ ಸಿಬ್ಬಂದಿ ಎರಡು ಸಲ ಹೆಚ್ಚು ಸುಳಿಯುತ್ತಾರೆ.

ಆದರೆ ಆ ಮಗಳು ನ್ಯೂಜೆರ್ಸಿಯಲ್ಲಿದ್ದರೆ? ಸಿಂಧನೂರಿನ ಕುಟುಂಬ ಅಜ್ಜನನ್ನು ಬೆಂಗಳೂರಿನಲ್ಲಿ ಬಿಟ್ಟು ಹೋಗಿದ್ದರೆ? ಸಂಜೆ ಆರಕ್ಕೆ ಹೋಗಿ ನಿಲ್ಲಲು ಅವರಿಂದ ಆಗದು. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಪ್ರತಿ ಕೇಂದ್ರದ ತಪಾಸಣಾ ವರದಿಯನ್ನು ಸಾರ್ವಜನಿಕವಾಗಿ ಇಡುತ್ತದೆ. ಅಮೆರಿಕ 2008ರಿಂದ ನರ್ಸಿಂಗ್ ಹೋಮ್‌ಗಳಿಗೆ ನಕ್ಷತ್ರ ಕೊಡುತ್ತಿದೆ. ಸಿಬ್ಬಂದಿ ಸಂಖ್ಯೆಯಲ್ಲಿ ಕೇಂದ್ರಗಳು ಹೇಳಿದ್ದನ್ನೇ ನಂಬುವುದು ಬೇಡವೆಂದು 2018ರಿಂದ ಸಂಬಳದ ಪಟ್ಟಿಯಿಂದಲೇ ಲೆಕ್ಕ ಹಿಡಿಯುತ್ತಿದೆ. ಅಲ್ಲಿಯೂ ಹಗರಣಗಳು ನಿಂತಿಲ್ಲ, ಆದರೆ ಹಗರಣವೆಂದು ಗೊತ್ತಾಗುವುದಾದರೂ ಆ ಕಾಗದಗಳಿಂದಲೇ. ನಮ್ಮ 2017ರ ಕಾಯ್ದೆಯೂ ನೋಂದಾಯಿತ ಸಂಸ್ಥೆಗಳನ್ನು ಮೂರು ವರ್ಷಕ್ಕೊಮ್ಮೆ ಪರಿಶೋಧಿಸಬೇಕು ಎನ್ನುತ್ತದೆ. ಡಿಮೆನ್ಷಿಯಾ ಇರುವವರನ್ನು ಇರಿಸಿಕೊಳ್ಳುವ ಪ್ರತಿ ಮನೆಯನ್ನೂ, ಬೋರ್ಡು ಏನೇ ಇರಲಿ, ಆ ನೋಂದಣಿಗೆ ತರಲು ಹೊಸ ಕಾನೂನು ಬೇಕಿಲ್ಲ. ರಾಜ್ಯ ಪ್ರಾಧಿಕಾರದ ಒಂದು ಸುತ್ತೋಲೆ, ರಾತ್ರಿ ಪಾಳಿಯಲ್ಲಿ ಹೋಗಿ ನೋಡುವ ತಪಾಸಣಾ ತಂಡ, ತಂಡ ಕಂಡದ್ದನ್ನು ಕನ್ನಡದಲ್ಲಿ ಹಾಕುವ ಒಂದು ಜಾಲತಾಣ, ಇಷ್ಟಾದರೆ ಸಿಂಧನೂರಿನವರು ಊರಲ್ಲೇ ಕುಳಿತು ಓದಬಹುದು.