ಸೀಟಿನ ಅಳಲು, ಪಕ್ಕದ ಶಾಲೆಯ ಮರೆವು

2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಅನುದಾನರಹಿತ ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಾಗಿದ್ದ ಶೇ 25ರಷ್ಟು ಸೀಟುಗಳನ್ನು ಕರ್ನಾಟಕ ಮೊಟಕುಗೊಳಿಸಿದ್ದರಿಂದ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ದುಡಿಯುವ ಕುಟುಂಬಗಳಿಗೆ ಒಳ್ಳೆಯ ಶಿಕ್ಷಣದ ಏಕೈಕ ಬಾಗಿಲು ಮುಚ್ಚಿತೆಂಬ ಪ್ರಕಟಿತ ಲೇಖನವೊಂದರ ವಾದವು, ಖಾಸಗಿ ಶಾಲೆಯೇ ಒಳ್ಳೆಯ ಶಾಲೆ ಎಂಬುದನ್ನು ಎಲ್ಲಿಯೂ ಸಾಧಿಸದೆ ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಟ್ಟಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ, ಅಂದರೆ ಸರ್ಕಾರವೇ ಶಿಕ್ಷಕರ ಸಂಬಳ ಕೊಡುವ ಖಾಸಗಿ ಆಡಳಿತದ ಶಾಲೆ ಇಲ್ಲದಿದ್ದರೆ ಮಾತ್ರ ಆ ಸೀಟು ಎಂಬ ತಿದ್ದುಪಡಿಯನ್ನು ಹೈಕೋರ್ಟ್ 2019ರ ಮೇ ತಿಂಗಳಲ್ಲಿ ಎತ್ತಿಹಿಡಿದ ಸಂಗತಿಯನ್ನು ಲೇಖಕರು ಮರೆತಿದ್ದಾರೆ. ಅದು ಬರೀ ಮರೆವೆಂದೇ ಭಾವಿಸೋಣ.

ಲೇಖನವು ಮಾಡುವ ಫಲಿತಾಂಶದ ಹೋಲಿಕೆಯಂತೂ ನ್ಯಾಯವಾದುದಲ್ಲ. ಶುಲ್ಕ, ವ್ಯಾನು, ಮನೆಪಾಠಗಳ ಖರ್ಚನ್ನು ಹೊರಬಲ್ಲ ಮನೆಗಳ ಮಕ್ಕಳೇ ಹೆಚ್ಚಾಗಿ ಸೇರುವ ಬಸವೇಶ್ವರನಗರದ ಖಾಸಗಿ ಶಾಲೆಯನ್ನೂ, ಕೆಲಸ ಅರಸಿ ಬಂದ ಕಟ್ಟಡ ಕಾರ್ಮಿಕರ ಮಕ್ಕಳನ್ನು ವರ್ಷದ ನಡುವೆಯೂ ಸೇರಿಸಿಕೊಳ್ಳಲೇಬೇಕಾದ ಕೆಂಗೇರಿಯ ಸರ್ಕಾರಿ ಶಾಲೆಯನ್ನೂ ಎಸ್ಸೆಸ್ಸೆಲ್ಸಿ ಅಂಕಗಳಿಂದಷ್ಟೇ ತೂಗಿದರೆ ತಿಳಿಯುವುದು ಪೋಷಕರ ಆದಾಯವೇ ಹೊರತು ಬೋಧನೆಯ ಗುಣಮಟ್ಟವಲ್ಲ. ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ಕೊರತೆಯಿದೆ, ಇಂಗ್ಲಿಷಿನ ಹಂಬಲ ಸುಳ್ಳಲ್ಲ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದದ್ದೂ ಅದಕ್ಕೇ. ಆದರೆ ಖಾಸಗಿ ಶಾಲೆಗಳಿಗೆ ಶುಲ್ಕ ಮರುಪಾವತಿಯಾಗಿ ಹೋಗುತ್ತಿದ್ದ ಸಾರ್ವಜನಿಕ ಹಣ ಪಕ್ಕದ ಬೀದಿಯ ಸರ್ಕಾರಿ ಶಾಲೆಗೆ ತಲುಪಿತೇ ಎಂಬ, ನಿಜಕ್ಕೂ ಸರ್ಕಾರವನ್ನು ಕಟ್ಟಿಹಾಕಬಲ್ಲ ಪ್ರಶ್ನೆಯನ್ನೇ ಲೇಖಕರು ಕೇಳಿಲ್ಲ.