ಮಿಸ್ತ್ರಿಯ ವಿದ್ಯೆಯೂ ವಿದ್ಯೆಯೇ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದರ ಹಳೆಯ ಪೆಟ್ರೋಲ್ ಎಂಜಿನ್ನಿಗೆ ಡಿಸ್ಟ್ರಿಬ್ಯೂಟರ್ ಕೂಡಿಸುವ ವಿದ್ಯೆಯೂ ನಿಲ್ಲಬೇಕೇ?

ಪುಲ್ಲಿಯ ಗುರುತು ಕೂಡಿದೊಡನೆ ಕೆಲಸ ಮುಗಿಯದು. ಕಿಡಿಯ ಒಂದೊಂದು ಸರದಿಗೆ ಆ ಗುರುತು ಎರಡು ಸಲ ಬರುತ್ತದೆ: ಒಮ್ಮೆ ಒಂದನೆಯ ಸಿಲಿಂಡರಿನಲ್ಲಿ ಗಾಳಿ ಒತ್ತಿದಾಗ, ಒಮ್ಮೆ ಹೊಗೆ ಹೊರಹೋದಾಗ. ಮೊದಲನೆಯದಕ್ಕೇ ರೋಟರು ಒಂದನೆಯ ಪ್ಲಗ್ಗಿನ ತಂತಿಯತ್ತ ಮುಖಮಾಡಿರಬೇಕು. ಮುಂದೆ 1-3-4-2ರ ಸರದಿ. ಅದಲುಬದಲಾದರೆ ಎಂಜಿನ್ನು ಕೆಮ್ಮೀತೇ ಹೊರತು ಹೊರಡದು. ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು ಒತ್ತಡವನ್ನು ಅರಿಯುವ ಮಿಸ್ತ್ರಿ, ಕಣ್ಣಿಗೆ ಕಂಡ ಗುರುತೊಂದನ್ನೇ ನಂಬುವುದಿಲ್ಲ. ತರ್ಕಶಾಸ್ತ್ರ ಕಲಿಸುವುದೂ ಇದನ್ನೇ ಅಲ್ಲವೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಮಿತ್ರರೇ, ಬಲ್ಲವರನ್ನು ಕೇಳಿ ಇಂಥ ವಿದ್ಯೆಯನ್ನು ಕನ್ನಡದಲ್ಲಿ ಬರೆದಿಡೋಣ. ಕಲಾವಿಭಾಗದವರಾದ ನಮಗೆ ಅದು ಹೊರಗಿನ ಕೆಲಸವಲ್ಲ.