ಗೋಡೆಯೊಳಗೆ ಸೊರಗುವ ನಾದ

ಪದವಿಪೂರ್ವ ತರಗತಿಯಲ್ಲಿ ಭೌತವಿಜ್ಞಾನವನ್ನು ಓದಿದವರೆಲ್ಲರೂ ಮೀಟರ್ ಸೇತುವೆಯ ಮೇಲೆ ತಂತಿಯ ರೋಧವನ್ನು ಅಳೆದಿರುತ್ತಾರೆ. ಅಂಕಗಳು ಬಂದ ಮೇಲೆ ಆ ವಿದ್ಯೆ ಪ್ರಯೋಗಶಾಲೆಯಲ್ಲಿಯೇ ಉಳಿದುಬಿಡುತ್ತದೆ. ಮನೆಗೆ ತಂತಿ ಎಳೆಸುವಾಗ ನಾವು ಅಂಗಡಿಯವನ ಮಾತನ್ನು ಕೇಳುತ್ತೇವೆಯೇ ಹೊರತು ಓಮನ ನಿಯಮವನ್ನಲ್ಲ. ಇದು ತಪ್ಪೆಂಬುದೇ ನನ್ನ ವಾದ.

ಗಿರಿನಗರದಲ್ಲಿ ನನ್ನ ಚಿಕ್ಕಪ್ಪನವರು ಹೊಸ ಮನೆ ಕಟ್ಟಿಸಿದರು. ನಡುಮನೆಯಲ್ಲಿ ಆಂಪ್ಲಿಫೈಯರು, ಎರಡನೆಯ ಮಹಡಿಯ ಸಂಗೀತದ ಕೋಣೆಯಲ್ಲಿ ಸ್ಪೀಕರುಗಳು. ನಡುವೆ ಗೋಡೆಯೊಳಗೆ ಹುದುಗಿದ ಪ್ಲಾಸ್ಟಿಕ್ ಕೊಳವೆ. ಗೃಹಪ್ರವೇಶದ ದಿನ ಕಛೇರಿಯೊಂದರ ಮುದ್ರಿಕೆಯನ್ನು ಹಾಕಿದರೆ ನಾದವೆಲ್ಲ ಸೊರಗಿತ್ತು. ಮೃದಂಗದ ಎಡಭಾಗದ ಪೆಟ್ಟುಗಳು ಒಂದರೊಳಗೊಂದು ಕಲಸಿಕೊಂಡಂತೆ ಕೇಳಿಸಿದುವು. "ಕಾಲೇಜಿನಲ್ಲಿ ಪಾಠ ಹೇಳುವವನು ನೀನು, ಇದೇನು ನೋಡಪ್ಪಾ" ಎಂದರು ಚಿಕ್ಕಪ್ಪ. ಸ್ಪೀಕರನ್ನು ಕೆಳಗಿಳಿಸಿ ಎರಡು ಮೊಳದ ತಂತಿಯಿಂದ ಜೋಡಿಸಿದೆವು. ನಾದ ತುಂಬಿಬಂದಿತು. ಕೊಳವೆಯಲ್ಲಿದ್ದುದು ಕರೆಗಂಟೆಗೆ ಬಳಸುವಂಥ ಅರ್ಧ ಚದರ ಮಿಲಿಮೀಟರಿನ ತಂತಿ.

ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ರೋಧ. ಕೊಳವೆಯ ದಾರಿ 30 ಮೀಟರ್. ಪ್ರವಾಹ ಹೋಗಿ ಹಿಂದಿರುಗಬೇಕಾದುದರಿಂದ ತಂತಿ 60 ಮೀಟರ್. (ಹಿಂದಿರುಗುವ ದಾರಿಯನ್ನು ಮರೆಯುವವರೇ ಹೆಚ್ಚು, ನನ್ನ ವಿದ್ಯಾರ್ಥಿಗಳೂ ಸೇರಿ.) ಆದುದರಿಂದ ಆ ತಂತಿಯ ರೋಧ ಸುಮಾರು 2 ಓಮ್. ಸ್ಪೀಕರಿನದು 4 ಓಮ್. ವೋಲ್ಟೇಜಿನ ಮೂರರಲ್ಲೊಂದು ಪಾಲು ಗೋಡೆಯಲ್ಲಿಯೇ ಕಳೆದು, ಸ್ಪೀಕರಿಗೆ ಸಲ್ಲಬೇಕಾದ ಸಾಮರ್ಥ್ಯದ ಒಂಬತ್ತರಲ್ಲಿ ನಾಲ್ಕು ಪಾಲು ಮಾತ್ರ ದೊರೆಯುತ್ತದೆ. 4 ಚದರ ಮಿಲಿಮೀಟರಿನ ತಂತಿಯಾಗಿದ್ದರೆ ನೂರಕ್ಕೆ 88 ಪಾಲು ದೊರೆಯುತ್ತಿತ್ತು. ಇಷ್ಟೇ ಅಲ್ಲ. ಸ್ಪೀಕರಿನ ಪ್ರತಿರೋಧ ಎಲ್ಲ ಆವೃತ್ತಿಗಳಿಗೂ ಒಂದೇ ಆಗಿರುವುದಿಲ್ಲ. ಆದ್ದರಿಂದ ತಂತಿ ಸಣ್ಣದಾದಷ್ಟೂ ಸ್ವರಗಳ ಪರಸ್ಪರ ತೂಕವೇ ಬದಲಾಗುತ್ತದೆ. ಪೆಟ್ಟು ಮುಗಿದ ಮೇಲೂ ತೂಗಾಡುವ ಸ್ಪೀಕರಿನ ಪೊರೆಯನ್ನು ಆಂಪ್ಲಿಫೈಯರು ಹಿಡಿದು ನಿಲ್ಲಿಸುವುದೂ ಕಷ್ಟವಾಗುತ್ತದೆ. ಮೃದಂಗ ಕಲಸಿಹೋದದ್ದು ಹೀಗೆ.

ಅಂಗಡಿಗಳಲ್ಲಿ ಆಮ್ಲಜನಕರಹಿತ ತಾಮ್ರದ ತಂತಿಯೆಂದು ದುಬಾರಿ ಸರಕನ್ನು ಹೊಗಳುವುದುಂಟು. ಸಾಧಾರಣ ವಿದ್ಯುತ್ ತಾಮ್ರಕ್ಕೂ ಅದಕ್ಕೂ ವಾಹಕತೆಯಲ್ಲಿ ಇರುವ ಅಂತರ ನೂರಕ್ಕೆ ಒಂದರಷ್ಟು. ಆ ಹಣವನ್ನು ದಪ್ಪಕ್ಕೆ ಸುರಿಯುವುದು ಮೇಲು. ಎಚ್ಚರ ವಹಿಸಬೇಕಾದುದು ತಾಮ್ರದ ಲೇಪವಷ್ಟೇ ಇರುವ ಅಲ್ಯುಮಿನಿಯಮ್ ತಂತಿಯ ವಿಷಯದಲ್ಲಿ. ಅಷ್ಟೇ ದಪ್ಪಕ್ಕೆ ಅದರ ರೋಧ ಸುಮಾರು ಒಂದೂವರೆ ಪಟ್ಟು.

ತಂತಿಗಿಂತಲೂ ಮೊದಲು ಯೋಚಿಸಬೇಕಾದುದು ಕೊಳವೆಯನ್ನು. ತಂತಿಯನ್ನು ಬದಲಾಯಿಸಬಹುದು, ಗಾರೆಯಾದ ಮೇಲೆ ಕೊಳವೆಯನ್ನು ಬದಲಾಯಿಸಲಾಗದು. ಒಳಗಿನ ಜಾಗದ ಅರ್ಧಕ್ಕಿಂತ ಹೆಚ್ಚು ಖಾಲಿಯಿರಲಿ. ತಿರುವುಗಳು ಮೊಣಕೈಯಂತೆ ಚೂಪಾಗಿರದೆ ವಿಶಾಲವಾಗಿ ಬಾಗಲಿ. ಮುಂದೆ ಎಳೆಯುವುದಕ್ಕೆಂದು ಗಟ್ಟಿಯಾದ ದಾರವೊಂದು ಒಳಗೆ ಉಳಿದಿರಲಿ. ಮನೆಯ 230 ವೋಲ್ಟಿನ ತಂತಿಗಳಿಗೆ ಬೇರೆ ಕೊಳವೆ ಬೇಕು. ಗುಂಯ್‌ಗುಡುವ ಸದ್ದು ಬರುವುದೆಂದು ಜನ ಹೆದರುತ್ತಾರೆ. ಸ್ಪೀಕರಿನ ತಂತಿಯಲ್ಲಿ ಆ ಭಯ ಅಲ್ಪ. ಹೊದಿಕೆ ಸವೆದು ಎರಡೂ ತಗುಲಿದರೆ ಪ್ರಾಣಕ್ಕೇ ಅಪಾಯ. ನಿಜವಾದ ಕಾರಣ ಅದು.

ದೂರ ಇನ್ನೂ ಹೆಚ್ಚಾದರೆ ದಪ್ಪ ತಂತಿಯೂ ಸಾಲದು. ಗಣೇಶೋತ್ಸವದಲ್ಲಿ ರಸ್ತೆಯುದ್ದಕ್ಕೂ ಧ್ವನಿವರ್ಧಕಗಳನ್ನು ಕಟ್ಟುವ ಮೈಕ್‌ಸೆಟ್‌ನವರನ್ನು ಗಮನಿಸಿ. ಅವರಲ್ಲಿ ಅನುಭವಸ್ಥರು 100 ವೋಲ್ಟಿನ ಮಾರ್ಗವನ್ನು ಬಳಸಿ, ಪ್ರತಿ ಧ್ವನಿವರ್ಧಕದ ಬಳಿಯೂ ಸಣ್ಣ ಪರಿವರ್ತಕವನ್ನಿಡುತ್ತಾರೆ. 8 ಓಮಿನ ಹೊರೆಗೆ 100 ವಾಟ್ ಒಯ್ಯಲು ಮೂರೂವರೆ ಆಂಪಿಯರ್ ಬೇಕು. 100 ವೋಲ್ಟಿನಲ್ಲಿ ಒಂದೇ ಆಂಪಿಯರ್ ಸಾಕು. ನಷ್ಟವು ಪ್ರವಾಹದ ವರ್ಗದಂತೆ ಏರುವುದರಿಂದ ಅದು ಹನ್ನೆರಡರಲ್ಲೊಂದು ಪಾಲಿಗೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದೂ ಇದೇ ಉಪಾಯದಿಂದ. ಅಲ್ಲಿ ವೋಲ್ಟುಗಳು ಹತ್ತಾರು ಸಾವಿರ. ಈ ತತ್ತ್ವವನ್ನು ಪರೀಕ್ಷೆಯಲ್ಲಿ ಬರೆದು ಬಂದ ಪದವೀಧರನು ತನ್ನ ಬೀದಿಯ ಮೈಕ್‌ಸೆಟ್‌ನವನಿಗಿಂತ ಕಡಮೆ ತಿಳಿದವನಾಗಿರುವುದು ನನಗೆ ನಾಚಿಕೆಯ ವಿಷಯವಾಗಿ ತೋರುತ್ತದೆ.

ಚಿಕ್ಕಪ್ಪನವರ ಮನೆಯ ಕೊಳವೆಯಲ್ಲಿ ಮೂರು ಚೂಪು ತಿರುವುಗಳಿದ್ದುವು. ದಪ್ಪ ತಂತಿ ಎರಡನೆಯದರಲ್ಲಿಯೇ ಸಿಕ್ಕಿಕೊಂಡಿತು. ಹೊಸ ಗೋಡೆಯನ್ನು ಒಡೆಸಲು ಚಿಕ್ಕಮ್ಮ ಒಪ್ಪಲಿಲ್ಲ. ಕೊನೆಗೆ ಆಂಪ್ಲಿಫೈಯರನ್ನೇ ಮಹಡಿಗೆ ಹೊತ್ತೆವು; ನಡುಮನೆಯಲ್ಲಿ ಅದಕ್ಕೆಂದು ಮಾಡಿಸಿದ್ದ ತೇಗದ ಕಪಾಟಿನಲ್ಲಿ ಈಗ ಹಳೆಯ ಪತ್ರಿಕೆಗಳಿವೆ.